ನಿಂಬೆಹಣ್ಣಿಗೆ ಬಲ್ಬ್ ಏಕೆ ಉರಿಯಲಿಲ್ಲ?

ಮಕ್ಕಳೇ, ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ‘ರಾಮನ್ ಪರಿಣಾಮ’ದ ನೆನಪಿಗೆ ಈ ದಿನವನ್ನು ಆಚರಿಸುತ್ತೇವೆ. ಅನೇಕ ಶಾಲೆಗಳಲ್ಲಿ ಆಗ ವಿಜ್ಞಾನ ಮೇಳ ನಡೆಯುತ್ತದೆ. “ನಾನು ಕರೆಂಟಿನ ಪ್ರಯೋಗ ಮಾಡುತ್ತೇನೆ” ಎಂದು ಮುಂದೆ ಬರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅದರಲ್ಲೂ ನಿಂಬೆಹಣ್ಣಿನ ಬ್ಯಾಟರಿ ಎಂದರೆ ಎಲ್ಲರಿಗೂ ಅಚ್ಚುಮೆಚ್ಚು.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಅಂದು ಮೇಳದ ದಿನ. ನಿಮ್ಮ ಮೇಜಿನ ಮೇಲೆ ನಿಂಬೆಹಣ್ಣು, ಮೊಳೆ, ತಂತಿ, ಟಾರ್ಚ್ ಬಲ್ಬ್ ಇವೆ. ಪಕ್ಕದ ಊರಿನ ಶಾಲೆಯ ಮಕ್ಕಳು, ನಿಮ್ಮ ಅಪ್ಪ ಅಮ್ಮ, ಎಸ್‌ಡಿಎಂಸಿ ಸದಸ್ಯರು ಸುತ್ತ ನಿಂತಿದ್ದಾರೆ. ನೀವು ತಂತಿ ಜೋಡಿಸುತ್ತೀರಿ. ಬಲ್ಬ್ ಉರಿಯುವುದಿಲ್ಲ. ಇನ್ನೊಂದು ಹಣ್ಣು ಸೇರಿಸುತ್ತೀರಿ. ಆಗಲೂ ಉರಿಯುವುದಿಲ್ಲ. ಯಾರೋ ಹಿಂದಿನಿಂದ ನಗುತ್ತಾರೆ. ಆಗ ಗೆಳೆಯನೊಬ್ಬ ನಿಮ್ಮ ಕಿವಿಯಲ್ಲಿ ಹೇಳುತ್ತಾನೆ: “ಹಣ್ಣಿನ ಕೆಳಗೆ ಒಂದು ಸೆಲ್ ಮುಚ್ಚಿಟ್ಟುಬಿಡೋಣ. ಯಾರಿಗೂ ಗೊತ್ತಾಗಲ್ಲ.”

ನೀವು ಏನು ಮಾಡುತ್ತೀರಿ?

ಸೆಲ್ ಮುಚ್ಚಿಡಬೇಡಿ. ಆ ಉರಿಯದ ಬಲ್ಬಿನಿಂದಲೇ ಬಹಳ ಒಳ್ಳೆಯ ಪ್ರಯೋಗವೊಂದು ಶುರುವಾಗುತ್ತದೆ. “ಏಕೆ ಉರಿಯಲಿಲ್ಲ?” ಎಂದು ಕೇಳಿಕೊಂಡರೆ ಸಾಕು. ಬನ್ನಿ, ಒಂದೊಂದೇ ಹೆಜ್ಜೆ ಇಡೋಣ.

ಮೊದಲು ಎಚ್ಚರಿಕೆ

• ಮನೆಯ ಮತ್ತು ಶಾಲೆಯ ಗೋಡೆಯ ಪ್ಲಗ್ಗಿನಲ್ಲಿರುವುದು ಸುಮಾರು 230 ವೋಲ್ಟ್ ವಿದ್ಯುತ್. ಅದು ಪ್ರಾಣ ತೆಗೆಯಬಲ್ಲದು. ಪ್ರಯೋಗಕ್ಕೆ ಅದನ್ನು ಎಂದಿಗೂ ಬಳಸಬೇಡಿ. ಪಂಪ್‌ಸೆಟ್ಟಿನ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಬಳಿಗೂ ಹೋಗಬೇಡಿ.
• ಬೈಕ್, ಯುಪಿಎಸ್, ಮೊಬೈಲ್ ಬ್ಯಾಟರಿಗಳೂ ಬೇಡ. ನಮಗೆ ಬೇಕಾದದ್ದು ಗಡಿಯಾರ ಅಥವಾ ಟಾರ್ಚಿಗೆ ಹಾಕುವ 1.5 ವೋಲ್ಟಿನ ಸೆಲ್ ಮಾತ್ರ.
• ಸೆಲ್ಲಿನ ಎರಡು ತುದಿಗಳನ್ನು ಬರಿಯ ತಂತಿಯಿಂದ ನೇರವಾಗಿ ಸೇರಿಸಬೇಡಿ. ತಂತಿ ಬಿಸಿಯಾಗಿ ಕೈ ಸುಡುತ್ತದೆ.
• ಸೆಲ್ಲನ್ನು ಒಡೆಯಬೇಡಿ, ಬೆಂಕಿಗೆ ಹಾಕಬೇಡಿ. ಬಟನ್ ಸೆಲ್ಲುಗಳು ಪುಟ್ಟ ತಮ್ಮ ತಂಗಿಯರ ಕೈಗೆ ಸಿಗದಿರಲಿ. ನುಂಗಿದರೆ ಜೀವಕ್ಕೇ ಅಪಾಯ.
• ಪ್ರಯೋಗಕ್ಕೆ ಬಳಸಿದ ಹಣ್ಣನ್ನು ತಿನ್ನಬೇಡಿ, ಅದರ ಪಾನಕ ಮಾಡಬೇಡಿ. ಅದರಲ್ಲಿ ಲೋಹ ಕರಗಿರುತ್ತದೆ.

ಬೇಕಾಗುವ ಸಾಮಗ್ರಿಗಳು

1.5 ವೋಲ್ಟಿನ ಎರಡು ಸೆಲ್‌ಗಳು, 2.5 ವೋಲ್ಟಿನ ಟಾರ್ಚ್ ಬಲ್ಬ್ ಒಂದು, ಕೆಂಪು ಎಲ್‌ಇಡಿ ಒಂದು, ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿ, ಹೊದಿಕೆ ತೆಗೆದ ದಪ್ಪ ತಾಮ್ರದ ತಂತಿಯ 8 ತುಂಡುಗಳು, ಸತುವಿನ ಲೇಪವಿರುವ 4 ಮೊಳೆಗಳು, 4 ನಿಂಬೆಹಣ್ಣುಗಳು, ಉಪ್ಪುಕಾಗದ ಮತ್ತು ಅಂಟುಪಟ್ಟಿ.

ಸತುವಿನ ಲೇಪದ ಮೊಳೆಗೆ ಅಂಗಡಿಯಲ್ಲಿ ಜಿ.ಐ. ಮೊಳೆ ಎಂದು ಕೇಳಿ. ಎಲ್‌ಇಡಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಈಗಿನ ಟಾರ್ಚುಗಳಲ್ಲಿ ಎಲ್‌ಇಡಿಯೇ ಹೆಚ್ಚು. ನಮಗೆ ಬೇಕಾದ ಟಾರ್ಚ್ ಬಲ್ಬ್ ಹಳೆಯ ಬಗೆಯದು. ಅದರ ಗಾಜಿನೊಳಗೆ ಕೂದಲಿನಂತಹ ಸಣ್ಣ ತಂತಿ ಕಾಣಬೇಕು.

ಪ್ರಯೋಗ 1: ಬಲ್ಬ್ ಸರಿಯಿದೆಯೇ?

ನಿಂಬೆಹಣ್ಣನ್ನು ದೂರುವ ಮೊದಲು ಬಲ್ಬನ್ನೇ ಪರೀಕ್ಷಿಸೋಣ.

1. ಎರಡು ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಇಡಿ. ಒಂದರ ಧನಾಗ್ರ (+) ಇನ್ನೊಂದರ ಋಣಾಗ್ರಕ್ಕೆ (–) ತಾಗಿರಲಿ. ಅಂಟುಪಟ್ಟಿಯಿಂದ ಬಿಗಿಯಾಗಿ ಸುತ್ತಿ.
2. ಒಂದು ತುದಿಯಿಂದ ತಂತಿಯನ್ನು ಬಲ್ಬಿನ ಕೆಳಗಿನ ಚುಕ್ಕೆಗೆ ತಾಗಿಸಿ.
3. ಇನ್ನೊಂದು ತುದಿಯಿಂದ ತಂತಿಯನ್ನು ಬಲ್ಬಿನ ಲೋಹದ ಪಕ್ಕಕ್ಕೆ ತಾಗಿಸಿ.

ಬಲ್ಬ್ ಉರಿಯಿತಲ್ಲವೇ? ಸೆಲ್ಲಿನಿಂದ ಹೊರಟ ವಿದ್ಯುತ್ ಬಲ್ಬಿನ ಮೂಲಕ ಹಾದು ಮತ್ತೆ ಸೆಲ್ಲಿಗೆ ಮರಳುವ ಈ ಪೂರ್ಣ ದಾರಿಗೆ ವಿದ್ಯುತ್ ಮಂಡಲ ಎನ್ನುತ್ತಾರೆ. ದಾರಿ ಎಲ್ಲಿ ತುಂಡಾದರೂ ಬಲ್ಬ್ ಆರುತ್ತದೆ.

ಈಗ ಒಂದು ತಂತಿಯನ್ನು ನಡುವೆ ಕತ್ತರಿಸಿ. ಎರಡು ತುದಿಗಳ ನಡುವೆ ಬೀಗದ ಕೈ, ನಾಣ್ಯ, ಬಾಚಣಿಗೆ, ರಬ್ಬರ್, ತೆಂಗಿನ ಗರಿಕಡ್ಡಿ ಇಟ್ಟು ನೋಡಿ. ಲೋಹದ ವಸ್ತು ಇಟ್ಟಾಗ ಬಲ್ಬ್ ಉರಿಯುತ್ತದೆ. ಇವು ವಾಹಕಗಳು. ಉಳಿದವು ಅವಾಹಕಗಳು.

ಕೊನೆಗೆ ಚಿಕ್ಕದೊಂದು ತುಂಡು ಪೆನ್ಸಿಲ್ಲಿನ ಎರಡೂ ತುದಿಗಳನ್ನು ಕೆತ್ತಿ, ಅದರ ಕಡ್ಡಿಗೆ ತಂತಿಗಳನ್ನು ತಾಗಿಸಿ. ಬಲ್ಬ್ ಮಂಕಾಗಿ ಉರಿಯಬಹುದು. ಉದ್ದನೆಯ ಪೆನ್ಸಿಲ್ ಆದರೆ ಉರಿಯದೆಯೂ ಇರಬಹುದು. ಹಾಗಾದರೆ ಪೆನ್ಸಿಲ್ ಉದ್ದವಾದ ಕೂಡಲೇ ಅದರಲ್ಲಿ ವಿದ್ಯುತ್ ಹರಿಯುವುದೇ ನಿಂತುಹೋಯಿತೇ? ಇಲ್ಲ. ಹರಿಯುತ್ತಿದೆ. ಆದರೆ ಬಲ್ಬ್ ಬೆಳಗಲು ಬೇಕಾದಷ್ಟು ಹರಿಯುತ್ತಿಲ್ಲ.

ಈ ಮಾತನ್ನು ನೋಟುಪುಸ್ತಕದಲ್ಲಿ ದೊಡ್ಡದಾಗಿ ಬರೆದಿಡಿ: ಬಲ್ಬ್ ಉರಿಯಲಿಲ್ಲ ಎಂದ ಮಾತ್ರಕ್ಕೆ ವಿದ್ಯುತ್ ಇಲ್ಲವೆಂದಲ್ಲ.

ಪ್ರಯೋಗ 2: ನಿಂಬೆಹಣ್ಣಿನಲ್ಲಿ ವಿದ್ಯುತ್ ಇದೆಯೇ?

1. ತಾಮ್ರದ ತುಂಡುಗಳನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಮೊಳೆಗಳನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಜೋರಾಗಿ ಉಜ್ಜಿದರೆ ಸತುವಿನ ಲೇಪವೇ ಹೋಗಿಬಿಡುತ್ತದೆ.
2. ನಿಂಬೆಹಣ್ಣನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ. ಒಳಗಿನ ರಸ ಸಡಿಲವಾಗುತ್ತದೆ. ಸಿಪ್ಪೆ ಒಡೆಯದಿರಲಿ.
3. ಪ್ರತಿ ಹಣ್ಣಿಗೂ ಒಂದು ತಾಮ್ರದ ತುಂಡು, ಒಂದು ಮೊಳೆ ಚುಚ್ಚಿ. ಎರಡರ ನಡುವೆ ಎರಡು ಬೆರಳಿನ ಅಂತರವಿರಲಿ. ಒಳಗೆ ಅವು ಒಂದಕ್ಕೊಂದು ತಾಗಬಾರದು.
4. ಮೊದಲ ಹಣ್ಣಿನ ಮೊಳೆಯಿಂದ ಎರಡನೆಯ ಹಣ್ಣಿನ ತಾಮ್ರಕ್ಕೆ ತಂತಿ ಕಟ್ಟಿ. ಎರಡನೆಯದರ ಮೊಳೆಯಿಂದ ಮೂರನೆಯದರ ತಾಮ್ರಕ್ಕೆ. ಹೀಗೆಯೇ ಮುಂದುವರಿಸಿ. ಇದು ಸರಣಿ ಜೋಡಣೆ.
5. ಕೊನೆಗೆ ಒಂದು ಕಡೆ ತಾಮ್ರ, ಇನ್ನೊಂದು ಕಡೆ ಮೊಳೆ ಉಳಿಯುತ್ತವೆ. ತಾಮ್ರವೇ ಧನಾಗ್ರ, ಮೊಳೆಯೇ ಋಣಾಗ್ರ.

ಮೊದಲು ಟಾರ್ಚ್ ಬಲ್ಬ್ ಜೋಡಿಸಿ. ಉರಿಯುವುದಿಲ್ಲ.

ಈಗ ಎಲ್‌ಇಡಿ ಜೋಡಿಸಿ. ಅದರ ಉದ್ದ ಕಾಲು ತಾಮ್ರದ ಕಡೆಗೆ, ಗಿಡ್ಡ ಕಾಲು ಮೊಳೆಯ ಕಡೆಗೆ. ತಿರುವುಮುರುವಾದರೆ ಬೆಳಗುವುದಿಲ್ಲ. ಕೋಣೆಯ ಕಿಟಕಿ ಮುಚ್ಚಿ, ಅಂಗೈಯನ್ನು ಮರೆಮಾಡಿ ನೋಡಿ. ಒಂದು ಹಣ್ಣಿಗೆ ಬೆಳಕಿಲ್ಲ. ಎರಡಕ್ಕೆ ಕಂಡೂ ಕಾಣದಂತೆ. ಮೂರು, ನಾಲ್ಕು ಹಣ್ಣು ಸೇರಿಸಿದಾಗ ಕೆಂಪು ಚುಕ್ಕೆಯೊಂದು ಬೆಳಗುತ್ತದೆ! ಅದೇ ನಿಂಬೆಹಣ್ಣು, ಅದೇ ತಂತಿ. ಬಲ್ಬಿಗೆ ಆಗದ್ದು ಎಲ್‌ಇಡಿಗೆ ಆಯಿತು.

(ನೆನಪಿಡಿ: ನಿಂಬೆಹಣ್ಣಿನಿಂದ ಎಲ್‌ಇಡಿ ಹಾಳಾಗದು. ಆದರೆ ಅದನ್ನು ಎರಡು ಸೆಲ್‌ಗಳಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗಬಹುದು.)

ಏಕೆ ಹೀಗೆ?

ನಿಮ್ಮೂರಿನ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಆದರೆ ಕೊಡ ಬೇಗ ತುಂಬಬೇಕಾದರೆ ಎತ್ತರ ಮಾತ್ರ ಸಾಲದು, ಕೊಳವೆಯೂ ಅಗಲವಿರಬೇಕು. ಕೊಳವೆ ಸೂಜಿಯಷ್ಟು ಸಣ್ಣದಾದರೆ ನೀರು ತೊಟ್ಟಿಕ್ಕುತ್ತದೆ ಅಷ್ಟೆ.

ವಿದ್ಯುತ್ತಿನಲ್ಲಿ ವೋಲ್ಟ್ ಎಂಬುದು ಟ್ಯಾಂಕಿನ ಎತ್ತರವಿದ್ದಂತೆ. ಆಂಪಿಯರ್ ಎಂಬುದು ಒಂದು ಸೆಕೆಂಡಿಗೆ ಎಷ್ಟು ಹರಿಯುತ್ತದೆ ಎಂಬ ಲೆಕ್ಕ. ಒಂದು ನಿಂಬೆಹಣ್ಣು ಸುಮಾರು 0.9 ವೋಲ್ಟ್ ಕೊಡುತ್ತದೆ. ಸರಣಿಯಲ್ಲಿ ನಾಲ್ಕು ಸೇರಿದರೆ 3.6 ವೋಲ್ಟ್. ಎತ್ತರವೇನೋ ಬಲ್ಬಿಗೆ ಸಾಕು. ಆದರೆ ಹಣ್ಣಿನೊಳಗಿನ ದಾರಿ ಸೂಜಿಯಂತಹ ಕೊಳವೆ. ಅದರಿಂದ ಬರುವ ವಿದ್ಯುತ್ ಪ್ರವಾಹ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್ ಆಸುಪಾಸು, ಹಲವು ಸಲ ಅದಕ್ಕಿಂತಲೂ ಕಡಿಮೆ. ಆಂಪಿಯರಿನ ಸಾವಿರದಲ್ಲಿ ಒಂದು ಭಾಗವೇ ಮಿಲಿಆಂಪಿಯರ್.

ಟಾರ್ಚ್ ಬಲ್ಬಿನೊಳಗಿನ ಸಣ್ಣ ತಂತಿ ಬೆಳಗಬೇಕಾದರೆ ಅದು 2000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಬೇಕು. ಇಂತಹ ಹಲವು ಬಲ್ಬುಗಳಿಗೆ 0.3 ಆಂಪಿಯರ್, ಅಂದರೆ 300 ಮಿಲಿಆಂಪಿಯರ್ ಪ್ರವಾಹ ಬೇಕು. ಎಲ್‌ಇಡಿ ಹಾಗಲ್ಲ. ಅದರಲ್ಲಿ ಕಾಯಬೇಕಾದ ತಂತಿಯೇ ಇಲ್ಲ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಸಿಕ್ಕರೆ, ಒಂದು ಮಿಲಿಆಂಪಿಯರಿಗೂ ಕಡಿಮೆ ಪ್ರವಾಹದಲ್ಲಿ ಕಣ್ಣಿಗೆ ಕಾಣುವಷ್ಟು ಬೆಳಗುತ್ತದೆ.

ಹಾಗಾದರೆ ಟಾರ್ಚ್ ಬಲ್ಬ್ ಉರಿಯಲು ಎಷ್ಟು ನಿಂಬೆಹಣ್ಣು ಬೇಕು? ಲೆಕ್ಕ ಮಾಡೋಣ. 2.5 ವೋಲ್ಟಿಗಾಗಿ ಒಂದು ಸಾಲಿನಲ್ಲಿ ಕನಿಷ್ಠ 3 ಹಣ್ಣು. ಒಂದು ಸಾಲು 1 ಮಿಲಿಆಂಪಿಯರ್ ಕೊಡುತ್ತದೆ ಎಂದುಕೊಂಡರೆ, 300 ಮಿಲಿಆಂಪಿಯರಿಗೆ ಅಂತಹ 300 ಸಾಲುಗಳು ಬೇಕು.

3 × 300 = 900

ಕಡಿಮೆಯೆಂದರೂ ಒಂಬೈನೂರು ನಿಂಬೆಹಣ್ಣು! ಪ್ರವಾಹ ಹರಿಯುವಾಗ ಹಣ್ಣಿನ ವೋಲ್ಟ್ ಇಳಿಯುವುದರಿಂದ ನಿಜವಾಗಿ ಇನ್ನೂ ಹೆಚ್ಚೇ ಬೇಕಾದೀತು. ಮೇಳದ ದಿನ ನಿಮ್ಮ ಬಲ್ಬ್ ಉರಿಯದಿದ್ದುದು ನಿಮ್ಮ ತಪ್ಪಲ್ಲ. ಅದು ಉರಿದಿದ್ದರೇ ಅನುಮಾನ ಪಡಬೇಕಿತ್ತು!

ಪ್ರಯೋಗ 3: ನಿಂಬೆಯೋ, ಲೋಹವೋ?

ಈಗ ಇನ್ನೊಂದು ಪ್ರಶ್ನೆ. ಈ ವಿದ್ಯುತ್ ಎಲ್ಲಿಂದ ಬಂತು? “ನಿಂಬೆಹಣ್ಣಿನಿಂದ” ಎಂದು ಹೆಚ್ಚಿನವರು ಹೇಳುತ್ತಾರೆ. ಪರೀಕ್ಷಿಸಿ ನೋಡೋಣ.

ಇಲ್ಲಿ ಒಂದು ನಿಯಮವಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಉಳಿದದ್ದೆಲ್ಲ ಹಾಗೆಯೇ ಇರಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮೊದಲ ಪರೀಕ್ಷೆ: ಲೋಹ ಅದೇ ಇರಲಿ, ನಿಂಬೆಯನ್ನು ಬದಲಾಯಿಸಿ. ನಾಲ್ಕು ಪ್ಲಾಸ್ಟಿಕ್ ಲೋಟಗಳಿಗೆ ಹುಣಸೆಹಣ್ಣು ಕಿವುಚಿದ ನೀರು ಹಾಕಿ. ಪ್ರತಿ ಲೋಟದಲ್ಲೂ ಒಂದು ತಾಮ್ರ, ಒಂದು ಮೊಳೆ ಇಳಿಬಿಡಿ. ಮೊದಲಿನಂತೆಯೇ ಸರಣಿಯಲ್ಲಿ ಜೋಡಿಸಿ. ಎಲ್‌ಇಡಿ ಬೆಳಗುತ್ತದೆ. ಆಮೇಲೆ ಹುಳಿ ಮಜ್ಜಿಗೆ, ಉಪ್ಪುನೀರು, ಬರಿಯ ನೀರು ಹಾಕಿ ನೋಡಿ. ಪ್ರತಿ ಸಲವೂ ಲೋಟ ಮತ್ತು ಲೋಹಗಳನ್ನು ತೊಳೆಯಬೇಕು. ಬರಿಯ ನೀರಿನಲ್ಲಿ ಬೆಳಕು ತೀರ ಮಂಕಾಗುತ್ತದೆ ಅಥವಾ ಇರುವುದೇ ಇಲ್ಲ. ನಿಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಲವಣಗಳು ಹೆಚ್ಚಿದ್ದರೆ ತುಸು ಬೆಳಗಿದರೂ ಆಶ್ಚರ್ಯವಿಲ್ಲ.

ಎರಡನೆಯ ಪರೀಕ್ಷೆ: ನಿಂಬೆ ಅದೇ ಇರಲಿ, ಲೋಹವನ್ನು ಬದಲಾಯಿಸಿ. ಮೊಳೆಗಳನ್ನು ತೆಗೆದು ಅವುಗಳ ಜಾಗದಲ್ಲಿ ತಾಮ್ರದ ತುಂಡುಗಳನ್ನೇ ಚುಚ್ಚಿ. ಈಗ ಪ್ರತಿ ಹಣ್ಣಿನಲ್ಲೂ ಎರಡೂ ತಾಮ್ರವೇ. ಎಲ್‌ಇಡಿ ಬೆಳಗುವುದಿಲ್ಲ.

ಏನು ತಿಳಿಯಿತು? ನಿಂಬೆ ಇಲ್ಲದೆ ಕೆಲಸ ನಡೆಯುತ್ತದೆ. ಆದರೆ ಎರಡು ಬೇರೆ ಬೇರೆ ಲೋಹಗಳಿಲ್ಲದೆ ನಡೆಯುವುದಿಲ್ಲ. ಹುಳಿಯಲ್ಲಿ ಮೊಳೆಯ ಮೇಲಿನ ಸತು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಕರಗುವಾಗ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ತಾಮ್ರದ ಕಡೆಗೆ ಸಾಗುತ್ತವೆ. ಶಕ್ತಿ ಬರುವುದು ಈ ರಾಸಾಯನಿಕ ಬದಲಾವಣೆಯಿಂದ. ನಿಂಬೆರಸ ಅದಕ್ಕೆ ಬೇಕಾದ ಹುಳಿಯನ್ನೂ ದಾರಿಯನ್ನೂ ಒದಗಿಸುತ್ತದೆ. ಹಣ್ಣು ಒಣಗುವ ಮೊದಲೇ ಸತು ತೀರಿಹೋದರೂ ಬೆಳಕು ಕುಂದುತ್ತದೆ.

ಇದೇ ಪ್ರಶ್ನೆಗೆ ದೊಡ್ಡವರೂ ಜಗಳವಾಡಿದ್ದರು!

ಇಟಲಿಯ ಲೂಯಿಗಿ ಗಾಲ್ವಾನಿ ಎಂಬ ವಿಜ್ಞಾನಿ ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹಗಳನ್ನು ತಾಗಿಸಿದಾಗ ಅದು ಸೆಟೆದು ಅದುರುವುದನ್ನು ಕಂಡರು. 1791ರಲ್ಲಿ ಇದನ್ನು ಪ್ರಕಟಿಸಿದರು. ವಿದ್ಯುತ್ ಕಪ್ಪೆಯ ದೇಹದಿಂದಲೇ ಬರುತ್ತಿದೆ ಎಂಬುದು ಅವರ ವಿವರಣೆ. ಅದೇ ದೇಶದ ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ಎರಡು ಬೇರೆ ಲೋಹಗಳೇ ಕಾರಣ, ಕಪ್ಪೆಯ ಕಾಲು ನೆಪ ಮಾತ್ರ ಎಂದರು.

ಬಾಯಿಮಾತಿನಲ್ಲಿ ಜಗಳ ತೀರಲಿಲ್ಲ. ವೋಲ್ಟಾ ಕಪ್ಪೆಯನ್ನೇ ತೆಗೆದುಹಾಕಿದರು! ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿದರು. ವಿದ್ಯುತ್ ಹರಿಯಿತು. 1800ರಲ್ಲಿ ಅವರು ಪ್ರಕಟಿಸಿದ ಈ ‘ವೋಲ್ಟಾ ರಾಶಿ’ಯೇ ನಿರಂತರವಾಗಿ ವಿದ್ಯುತ್ ಕೊಟ್ಟ ಮೊದಲ ಬ್ಯಾಟರಿ. ವೋಲ್ಟ್ ಎಂಬ ಹೆಸರು ಬಂದದ್ದು ಅವರಿಂದಲೇ.

ವೋಲ್ಟಾ ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ಲೋಹಗಳು ಒಂದಕ್ಕೊಂದು ತಾಗಿದರೆ ಸಾಕು ಎಂದು ಅವರು ನಂಬಿದ್ದರು. ರಾಸಾಯನಿಕ ಬದಲಾವಣೆಯೇ ಮುಖ್ಯ ಎಂಬುದು ಆಮೇಲೆ ತಿಳಿಯಿತು. ಗಾಲ್ವಾನಿ ಹೇಳಿದ್ದೆಲ್ಲವೂ ತಪ್ಪಾಗಿರಲಿಲ್ಲ. ಪ್ರಾಣಿಗಳ ನರಗಳಲ್ಲಿ, ಹೃದಯದಲ್ಲಿ ನಿಜಕ್ಕೂ ವಿದ್ಯುತ್ ಇದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು ಅದನ್ನೇ ಗುರುತಿಸಲು. ಕಂಡದ್ದನ್ನು ಇಬ್ಬರೂ ಕಂಡಂತೆಯೇ ಬರೆದಿಟ್ಟರು. ಆದ್ದರಿಂದಲೇ ಮುಂದಿನವರು ಸರಿ ಯಾವುದು, ತಪ್ಪು ಯಾವುದು ಎಂದು ವಿಂಗಡಿಸಲು ಸಾಧ್ಯವಾಯಿತು. ಅವರಲ್ಲೊಬ್ಬರು ಏನನ್ನಾದರೂ ಮುಚ್ಚಿಟ್ಟಿದ್ದರೆ?

ಮೇಳದಲ್ಲಿ ಹೀಗೆ ತೋರಿಸಿ

ಒಂದು ಡ್ರಾಯಿಂಗ್ ಹಾಳೆಯ ಮೇಲೆ ಇಷ್ಟು ಬರೆಯಿರಿ.

ನನ್ನ ಪ್ರಶ್ನೆ: ನಿಂಬೆಹಣ್ಣಿನಿಂದ ಟಾರ್ಚ್ ಬಲ್ಬ್ ಏಕೆ ಉರಿಯುವುದಿಲ್ಲ?
ನನ್ನ ಊಹೆ: (ಪ್ರಯೋಗಕ್ಕೆ ಮೊದಲು ನೀವು ಅಂದುಕೊಂಡದ್ದು. ತಪ್ಪಾಗಿದ್ದರೂ ಅಳಿಸಬೇಡಿ.)
ಬದಲಾಯಿಸಿದ್ದು: ಹಣ್ಣಿನ ಸಂಖ್ಯೆ, ದ್ರವ, ಲೋಹ. ಒಂದು ಸಲಕ್ಕೆ ಒಂದೇ.
ಕಂಡದ್ದು: ಬೆಳಕಿಲ್ಲ / ಮಂಕು / ಚೆನ್ನಾಗಿದೆ. ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡಿ ಬರೆಯಿರಿ.
ನನ್ನ ತೀರ್ಮಾನ: (ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯ.)

ಮೇಜಿನ ಮೇಲೆ ಬಲ್ಬನ್ನೂ ಎಲ್‌ಇಡಿಯನ್ನೂ ಅಕ್ಕಪಕ್ಕ ಇಡಿ. ಎಲ್‌ಇಡಿಯ ಬೆಳಕು ಹಗಲಿನಲ್ಲಿ ಕಾಣಲು ಅದರ ಸುತ್ತ ಕಪ್ಪು ಕಾಗದದ ಕೊಳವೆ ಮಾಡಿ ಇಡಿ. ನೋಡಲು ಬಂದವರಿಗೆ, “ಯಾವುದು ಉರಿಯುತ್ತದೆ ಹೇಳಿ?” ಎಂದು ನೀವೇ ಮೊದಲು ಕೇಳಿ.

ಎಲ್‌ಇಡಿಯೂ ಬೆಳಗದಿದ್ದರೆ ಇವನ್ನು ಪರಿಶೀಲಿಸಿ: ಉದ್ದ ಕಾಲು ತಾಮ್ರದ ಕಡೆಗಿದೆಯೇ? ತಂತಿಯ ತುದಿಯ ಹೊದಿಕೆ ಸುಲಿದಿದ್ದೀರಾ? ಗಂಟು ಬಿಗಿಯಾಗಿದೆಯೇ? ಹಣ್ಣಿನೊಳಗೆ ತಾಮ್ರ ಮತ್ತು ಮೊಳೆ ತಾಗಿವೆಯೇ? ಯಾವುದಾದರೂ ಹಣ್ಣು ತಿರುವುಮುರುವಾಗಿ ಜೋಡಣೆಯಾಗಿದೆಯೇ?

ಮುಂದಿನ ಪ್ರಶ್ನೆಗಳು ನಿಮ್ಮವು

• ಮೊಳೆಯನ್ನು ಆಳವಾಗಿ ಚುಚ್ಚಿದರೆ ಬೆಳಕು ಹೆಚ್ಚುತ್ತದೆಯೇ?
• ಒಂದೇ ಹಣ್ಣನ್ನು ನಾಲ್ಕು ಹೋಳು ಮಾಡಿ ಬಿಡಿಬಿಡಿಯಾಗಿ ಇಟ್ಟರೆ ನಾಲ್ಕು ಹಣ್ಣಿನ ಕೆಲಸ ಮಾಡುತ್ತವೆಯೇ?
• ಎಲ್‌ಇಡಿ ಎಷ್ಟು ಗಂಟೆ ಬೆಳಗುತ್ತದೆ? ಆಮೇಲೆ ಮೊಳೆಯ ಮೇಲೆ ಏನು ಕಾಣುತ್ತದೆ?
• ಹಸಿ ಆಲೂಗಡ್ಡೆ ಒಳ್ಳೆಯದೋ, ಬೇಯಿಸಿದ್ದು ಒಳ್ಳೆಯದೋ?

ಕೊನೆಯ ಪ್ರಶ್ನೆ ನೋಡಿ ನಗಬೇಡಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಬೇಯಿಸಿದ ಆಲೂಗಡ್ಡೆಯಿಂದ ಹಲವು ಪಟ್ಟು ಹೆಚ್ಚು ವಿದ್ಯುತ್ ಶಕ್ತಿ ಸಿಗುತ್ತದೆ ಎಂದು 2010ರಲ್ಲಿ ತಿಳಿಸಿದರು. ಅಡುಗೆಮನೆಯ ಆಲೂಗಡ್ಡೆ, ಸತು ಮತ್ತು ತಾಮ್ರ, ಜೊತೆಗೆ ಒಂದು ಒಳ್ಳೆಯ ಪ್ರಶ್ನೆ. ಅವರ ಕೆಲಸ ಶುರುವಾದದ್ದು ಇಷ್ಟರಿಂದಲೇ.

ಈಗ ಮೊದಲಿನ ಸಂದರ್ಭಕ್ಕೆ ಮರಳೋಣ. ಬಲ್ಬ್ ಉರಿಯಲಿಲ್ಲ, ಎಲ್ಲರೂ ನೋಡುತ್ತಿದ್ದಾರೆ, ಗೆಳೆಯ ಸೆಲ್ ಹಿಡಿದು ನಿಂತಿದ್ದಾನೆ. ಈಗ ನಿಮಗೆ ಏನು ಹೇಳಬೇಕೆಂದು ಗೊತ್ತು. “ಬಲ್ಬ್ ಉರಿಯಲಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ” ಎನ್ನಿ. ಗೆಳೆಯನ ಕೈಯಲ್ಲಿರುವ ಸೆಲ್ಲನ್ನೂ ಎಲ್ಲರ ಎದುರಿಗೇ ಮೇಜಿನ ಮೇಲಿಡಿ. ಅದರಿಂದ ಬಲ್ಬ್ ಉರಿಸಿ ತೋರಿಸಿ, ನಿಂಬೆಹಣ್ಣಿಗೂ ಸೆಲ್ಲಿಗೂ ಇರುವ ವ್ಯತ್ಯಾಸವನ್ನು ಗೆಳೆಯನೇ ವಿವರಿಸಲಿ. ಮೇಳ ಮುಗಿದ ಮೇಲೆ ನಿಮ್ಮ ಪಟ್ಟಿಯಲ್ಲಿ ಬರೆದದ್ದನ್ನು ಇನ್ನೊಂದು ತರಗತಿಯವರಿಗೆ ಕೊಟ್ಟು, ಅವರಿಗೂ ಹಾಗೆಯೇ ಬರುತ್ತದೆಯೇ ಎಂದು ಮಾಡಿ ನೋಡಲು ಹೇಳಿ.